ಸತ್ಯಾಂಶ: ದುರಂತ ಕಂಡವರನ್ನು ಕೂಡಲೇ ಮಾತಾಡಿಸಲೇಬೇಕೆ?

ಅವಘಡದ ಸುದ್ದಿ ಬಂದಾಗಲೆಲ್ಲ ವಾಟ್ಸಾಪ್‌ನಲ್ಲಿ ಒಂದು ಸಂದೇಶ ಓಡಾಡುತ್ತದೆ: ಬದುಕುಳಿದವರನ್ನು ಮೊದಲ ದಿನವೇ ಕೂರಿಸಿ, ನಡೆದದ್ದನ್ನೆಲ್ಲ ಹೇಳಿಸಿ, ಅಳುವಂತೆ ಮಾಡಿ, ಇಲ್ಲದಿದ್ದರೆ ಎಲ್ಲರಿಗೂ ಮಾನಸಿಕ ಕಾಯಿಲೆ ಖಚಿತ. ಕಳಿಸುವವರ ಕಾಳಜಿ ನಿಜ, ಸಲಹೆ ಮಾತ್ರ ತಪ್ಪು.

ಬ್ರಿಟನ್ನಿನ ವೇಲ್ಸ್‌ನಲ್ಲಿ ಸುಟ್ಟಗಾಯದ ರೋಗಿಗಳ ಮೇಲೆ ಇಂಥದ್ದನ್ನೇ ಪರೀಕ್ಷಿಸಿ ನೋಡಿದ್ದಾರೆ. 1997ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಕೆಲವರನ್ನು ಹೀಗೆ ಮಾತಾಡಿಸಿದರು, ಉಳಿದವರನ್ನು ಅವರ ಪಾಡಿಗೆ ಬಿಟ್ಟರು. 13 ತಿಂಗಳ ನಂತರ ಪಿಟಿಎಸ್‌ಡಿ, ಅಂದರೆ ಆಘಾತದ ನಂತರ ಕಾಡುವ ಕಾಯಿಲೆ, ಮಾತಾಡಿಸಿದವರಲ್ಲಿ ಶೇ 26, ಬಿಟ್ಟವರಲ್ಲಿ ಶೇ 9. ಮಾತಾಡಿಸಿದವರ ಗಾಯಗಳೇ ಹೆಚ್ಚು ತೀವ್ರವಾಗಿದ್ದವು ಎಂಬುದನ್ನೂ ಹೇಳಬೇಕು. ಆದರೆ ಇಂಥ ಹಲವು ಅಧ್ಯಯನಗಳನ್ನು ಒಟ್ಟಿಗೆ ತೂಗಿದಾಗಲೂ ಲಾಭ ಕಾಣಲಿಲ್ಲ.

‘ಎಲ್ಲರಿಗೂ’ ಎಂಬುದೂ ಸುಳ್ಳು. 2001ರ ಸೆಪ್ಟೆಂಬರ್ 11ರಂದು ನ್ಯೂಯಾರ್ಕ್‌ನ ಅವಳಿ ಗೋಪುರಗಳ ಮೇಲೆ ದಾಳಿಯಾಗಿ 5ರಿಂದ 8 ವಾರಗಳಲ್ಲಿ ಆ ನಗರದ ಮ್ಯಾನ್‌ಹಟನ್‌ನ 110ನೇ ಬೀದಿಯ ದಕ್ಷಿಣಕ್ಕಿದ್ದ ವಯಸ್ಕರನ್ನು ವಿಚಾರಿಸಿದಾಗ ಪಿಟಿಎಸ್‌ಡಿ ಲಕ್ಷಣ ಕಂಡದ್ದು ಶೇ 7.5 ಮಂದಿಯಲ್ಲಿ. ಗೋಪುರಗಳ ಹತ್ತಿರದ ನಿವಾಸಿಗಳಲ್ಲಿ ಅದು ಶೇ 20. ಆಸರೆಗೆ ಜನ ಕಡಿಮೆ ಇದ್ದವರಿಗೆ ಪೆಟ್ಟು ಜಾಸ್ತಿ. ನನಗೆ ಮುಖ್ಯವೆನಿಸುವುದು ಇದೇ.

ಹಾಗಾದರೆ ಏನು ಮಾಡಬೇಕು? ನೀರು ಕೊಡಿ, ಹೊದಿಕೆ ಹೊದಿಸಿ, ಮನೆಯವರಿಗೆ ಫೋನ್ ಹಚ್ಚಿಕೊಡಿ, ಪಕ್ಕದಲ್ಲಿ ಕೂತಿರಿ. ತಾವಾಗಿ ಮಾತಾಡಿದರೆ ಕೇಳಿ, ಕೆದಕಬೇಡಿ. ವಿಶ್ವ ಆರೋಗ್ಯ ಸಂಸ್ಥೆಯ ಸಲಹೆಯೂ ಹೆಚ್ಚುಕಡಿಮೆ ಇದೇ. ತಿಂಗಳು ಕಳೆದರೂ ನಿದ್ದೆಯಿಲ್ಲದೆ ಅದೇ ದೃಶ್ಯ ಕಣ್ಣಮುಂದೆ ಬರುತ್ತಿದ್ದರೆ ವೈದ್ಯರನ್ನು ಕಾಣಿಸಿ. ಟೆಲಿ ಮನಸ್ ಸಹಾಯವಾಣಿ 14416ರಲ್ಲಿ ಕನ್ನಡದಲ್ಲೇ ಮಾತಾಡಬಹುದು.