ಡ್ರೋನ್ ಪಾರ್ಟ್ಸ್ ಮನೆಯಲ್ಲೇ ಕಟ್ ಮಾಡಬೇಕಾ?

ಪರ: ಮೂರು ಸಲ ಮುರಿದ ತೋಳು

ನನ್ನ ಡ್ರೋನಿನ ತೋಳು ಒಂದೇ ಜಾಗದಲ್ಲಿ ಮೂರು ಸಲ ಮುರಿಯಿತು. ಐದು ಇಂಚಿನ ಪ್ರೊಪೆಲ್ಲರ್ ಹಾಕುವ ಕಾರ್ಬನ್ ಫೈಬರ್ ಫ್ರೇಮ್ ಅದು. ಮೊದಲೆರಡು ಸಲ ಸುಮ್ನೆ ಹೊಸ ತೋಳು ತರಿಸಿ ಹಾಕಿದೆ. ಮೂರನೇ ಸಲ ಮುರಿದ ತುಂಡುಗಳನ್ನೆಲ್ಲ ಮೇಜಿನ ಮೇಲೆ ಪಕ್ಕಪಕ್ಕ ಇಟ್ಟು ನೋಡಿದೆ. ತೋಳು ನಡುಭಾಗಕ್ಕೆ ಸೇರುವಲ್ಲಿ ಒಂದು ಚೂಪಾದ ಒಳಮೂಲೆ ಇತ್ತು. ಮೂರರಲ್ಲೂ ಬಿರುಕು ಹುಟ್ಟಿದ್ದು ಅಲ್ಲಿಂದಲೇ. ಬಿದ್ದಾಗಿನ ಪೆಟ್ಟೆಲ್ಲ ಹೋಗಿ ಆ ಮೂಲೆಗೇ ಸೇರುತ್ತಿತ್ತು.

ಅಷ್ಟರಲ್ಲಿ ಆ ಫ್ರೇಮ್ ಬರುವುದೇ ನಿಂತುಹೋಗಿತ್ತು. ನಾಲ್ಕನೇ ತೋಳು ನಾನೇ ಮಾಡಬೇಕಾಯಿತು. ಹಳೆಯ ತೋಳನ್ನು ಕ್ಯಾಲಿಪರ್‌ನಿಂದ ಅಳೆದು ಡ್ರಾಯಿಂಗ್ ಮಾಡಿದೆ. ಮೂಲೆಯನ್ನು ಮಾತ್ರ ದುಂಡಗೆ ಬಿಡಿಸಿದೆ. ಕಂಪ್ಯೂಟರ್ ಡ್ರಾಯಿಂಗ್ ನೋಡಿ ತಾನೇ ಕೊರೆಯುವ ಮೆಷೀನು, ಅಂದರೆ ಮೇಜಿನ ಮೇಲೆ ಇಡುವ ಸಣ್ಣ ಸಿಎನ್‌ಸಿ ರೂಟರ್‌ನಲ್ಲಿ ಕಾರ್ಬನ್ ಫೈಬರ್ ಹಾಳೆ ಕೂರಿಸಿ ಕಟ್ ಮಾಡಿದೆ.

ಮೊದಲನೆಯದು ಕೆಟ್ಟಿತು. ಹಾಳೆ ಉಳಿಯಲಿ ಎಂದು ತೋಳನ್ನು ಓರೆಯಾಗಿ ಇಟ್ಟು ಕಟ್ ಮಾಡಿದ್ದೆ. ನನ್ನ ಹಾಳೆಯಲ್ಲಿ ಕಾರ್ಬನ್ ನೂಲು ಉದ್ದಕ್ಕೂ ಅಡ್ಡಕ್ಕೂ ಮಾತ್ರ ಓಡುತ್ತಿತ್ತು. ಓರೆಯಾಗಿ ತೆಗೆದ ತೋಳಿನಲ್ಲಿ ಒಂದು ನೂಲೂ ತುದಿಯಿಂದ ಬುಡದವರೆಗೆ ಬರಲಿಲ್ಲ. ಕೈಯಲ್ಲಿ ಹಿಡಿದು ಒತ್ತಿದರೆ ಬಾಗುವುದು ಗೊತ್ತಾಗುತ್ತಿತ್ತು. ಹಾರಿಸಿದರೆ ಗುಂಯ್ ಎಂಬ ನಡುಕ. ಆ ನಡುಕವನ್ನು ಗೈರೊ, ಅಂದರೆ ಡ್ರೋನ್ ತಿರುಗುವುದನ್ನು ಅಳೆಯುವ ಸೆನ್ಸರ್, ಹಿಡಿಯಿತು. ಡ್ರೋನಿನ ಮಿದುಳಿನಂತಿರುವ ಫ್ಲೈಟ್ ಕಂಟ್ರೋಲರ್ ಬೋರ್ಡು ಅದನ್ನು ಸರಿಪಡಿಸಲು ಹೋಗಿ ಮೋಟರುಗಳನ್ನು ಅದುರಿಸಿತು. ಎರಡೇ ನಿಮಿಷ ಹಾರಿಸಿ ಇಳಿಸಿದರೆ ಮೋಟರು ಮುಟ್ಟಲಾಗದಷ್ಟು ಬಿಸಿ. ಎರಡನೆಯದನ್ನು ನೂಲಿನ ಉದ್ದಕ್ಕೇ ಕಟ್ ಮಾಡಿದೆ. ನಡುಕ ಹೋಯಿತು. ಆಮೇಲೆ ಆ ಡ್ರೋನ್ ಎಷ್ಟೋ ಸಲ ಬಿದ್ದಿದೆ, ತೋಳು ಮಾತ್ರ ಇನ್ನೂ ಅದೇ.

ಮೂಲೆ, ನೂಲಿನ ದಿಕ್ಕು, ಮೋಟರಿನ ಬಿಸಿ, ಇವು ಮೂರೂ ಒಂದಕ್ಕೊಂದು ಸೇರಿವೆ ಎಂದು ನನಗೆ ಯಾವ ಅಂಗಡಿಯ ಪೊಟ್ಟಣವೂ ಹೇಳಿರಲಿಲ್ಲ. ಕೈಯಾರೆ ಮಾಡಿದಾಗಲೇ ಗೊತ್ತಾಗಿದ್ದು. ದಪ್ಪದ ವಿಷಯವೂ ಹಾಗೆಯೇ. 4 ಮಿ.ಮೀ. ಇದ್ದದ್ದನ್ನು 5 ಮಿ.ಮೀ. ಮಾಡಿದರೆ ತೋಳಿನ ತೂಕ ಕಾಲು ಭಾಗ ಏರುತ್ತದೆ, ಆದರೆ ಬಾಗದೆ ನಿಲ್ಲುವ ಶಕ್ತಿ ಹೆಚ್ಚುಕಮ್ಮಿ ಎರಡು ಪಟ್ಟಾಗುತ್ತದೆ. ಈ ಲೆಕ್ಕ ತಿಳಿದ ಮೇಲೆ ಎಲ್ಲಿ ದಪ್ಪ ಬೇಕು, ಎಲ್ಲಿ ಬೇಡ ಎಂದು ನಾನೇ ತೀರ್ಮಾನ ಮಾಡಬಹುದು. ಮೋಟರಿನ ಎದುರುಬದುರು ಸ್ಕ್ರೂ ತೂತುಗಳ ಅಂತರ ಕೆಲವಕ್ಕೆ 16 ಮಿ.ಮೀ., ಕೆಲವಕ್ಕೆ 19. ಫ್ಲೈಟ್ ಕಂಟ್ರೋಲರ್ ಒಂದಕ್ಕೆ 30.5, ಇನ್ನೊಂದಕ್ಕೆ 20. ನನ್ನ ಹತ್ತಿರ ಇರುವ ಸಾಮಾನಿಗೆ ಸರಿಯಾಗಿ ನಾನೇ ಫ್ರೇಮ್ ಮಾಡಿಕೊಳ್ಳುತ್ತೇನೆ.

ಬೇಡ ಎನ್ನುವವರ ಬಾಯಲ್ಲಿ ಯಾವಾಗಲೂ ಕಟ್ ಮಾಡುವಾಗ ಏಳುವ ದೂಳಿನದೇ ಮಾತು. ಅವರು ಹೇಳುವುದು ಕೇಳಿದರೆ ರೂಟರ್ ಇಟ್ಟುಕೊಂಡವರೆಲ್ಲ ಆಸ್ಪತ್ರೆಯಲ್ಲಿ ಇರಬೇಕಿತ್ತು. ಹಾಳೆಯನ್ನು ನೀರಿನ ತಟ್ಟೆಯಲ್ಲಿ ಮುಳುಗಿಸಿ ಕಟ್ ಮಾಡಿ, ಒಳ್ಳೆಯ ಮಾಸ್ಕ್ ಹಾಕಿಕೊಳ್ಳಿ. ಮುಗಿಯಿತು.

ಒಂದು ಗೆರೆ ಮಾತ್ರ ನಾನು ದಾಟುವುದಿಲ್ಲ. ಜೋರಾಗಿ ತಿರುಗುವ ಭಾಗ, ಅಂದರೆ ಪ್ರೊಪೆಲ್ಲರ್ ಮತ್ತು ಅದನ್ನು ಹಿಡಿಯುವ ಅಡಾಪ್ಟರ್, ಮನೆಯಲ್ಲಿ ಮಾಡುವುದಿಲ್ಲ. ನಿಮಿಷಕ್ಕೆ 20,000 ಸುತ್ತು ದಾಟುವ ಜಾಗ ಅದು. ಉಳಿದದ್ದೆಲ್ಲ ನನ್ನ ಮೇಜಿನ ಮೇಲೆಯೇ ಆಗುತ್ತದೆ. ನಿಮ್ಮ ಮೇಜಿನ ಮೇಲೂ ಆಗಲಿ. ಮೊದಲ ತೋಳು ಕೆಡುತ್ತದೆ, ಕೆಡಲಿ ಬಿಡಿ.

ವಿರೋಧ: ಒಂದು ಮಿಲಿಮೀಟರ್

ಈ ಚರ್ಚೆಯಲ್ಲಿ ವಿರೋಧದ ಪಕ್ಷ ನನಗೆ ಕೊಟ್ಟಿದ್ದು. ಪೂರ್ತಿ ನನ್ನದಲ್ಲ, ಯಾಕೆಂದರೆ ನಾನೂ ಮನೆಯಲ್ಲಿ ಕಟ್ ಮಾಡಿದವನೇ. ಆದರೆ ಇದರಲ್ಲಿ ಒಂದು ಮಾತನ್ನು ನಾನು ಗಟ್ಟಿಯಾಗಿ ನಂಬಿದ್ದೇನೆ. ಈ ಕೆಲಸ ವರ್ಕ್‌ಶಾಪಿಗೆ ಸೇರಿದ್ದು. ಊಟ ಮಾಡುವ, ಮಲಗುವ, ಮಕ್ಕಳು ಓಡಾಡುವ ಮನೆಗೆ ಅದು ಬೇಡ.

ಕಾರ್ಬನ್ ಫೈಬರ್ ದೂಳು ಮರದ ಹೊಟ್ಟಿನ ಹಾಗಲ್ಲ. ಕಣ್ಣಿಗೆ ಕಾಣದಷ್ಟು ನುಣ್ಣಗಿರುತ್ತದೆ, ಚರ್ಮಕ್ಕೆ ತಾಗಿದರೆ ಚುಚ್ಚಿ ಕೆರೆತ ತರುತ್ತದೆ, ಉಸಿರಿನ ಜೊತೆ ಒಳಗೆ ಹೋದರೆ ಶ್ವಾಸಕೋಶಕ್ಕೆ ಕೆಟ್ಟದ್ದು. ಬಟ್ಟೆಯ ಮಾಸ್ಕ್ ಅದನ್ನು ತಡೆಯುವುದಿಲ್ಲ. ಇನ್ನೊಂದು ತೊಂದರೆ, ಅದರಲ್ಲಿ ಕರೆಂಟ್ ಹರಿಯುತ್ತದೆ. ಅದೇ ಕೋಣೆಯಲ್ಲಿ ಬೆಸುಗೆ ಹಾಕಲು ತೆರೆದಿಟ್ಟ ಬೋರ್ಡಿನ ಮೇಲೆ ಕೂತರೆ ಶಾರ್ಟ್ ಆಗಬಹುದು. ನೀರಿನಲ್ಲಿ ಕಟ್ ಮಾಡಿದರಾಯಿತು ಎನ್ನುವವರಿದ್ದಾರೆ. ನೀರು ಒಳ್ಳೆಯದೇ. ಆದರೆ ಕೆಲಸ ಮುಗಿದ ಮೇಲೆ ತಟ್ಟೆಯಲ್ಲಿ ಉಳಿಯುವ ಕಪ್ಪು ಕೆಸರು ಎಲ್ಲಿಗೆ ಹೋಗುತ್ತದೆ? ಮೆಷೀನಿಗೆ ಸಿಡಿದದ್ದು, ಒರೆಸಿದ ಬಟ್ಟೆಗೆ ಹತ್ತಿದ್ದು ಒಣಗುತ್ತದೆ. ಒಣಗಿದರೆ ಮತ್ತೆ ದೂಳೇ ಅಲ್ವಾ?

ನಿಖರತೆಯ ಮಾತೂ ಇದೆ. ಸಣ್ಣ ರೂಟರ್‌ಗಳಲ್ಲಿ ಮೆಷೀನನ್ನು ಸರಿಸುವ ಸ್ಕ್ರೂ ಸಡಿಲವಿದ್ದರೆ ದುಂಡನೆಯ ತೂತು ಮೊಟ್ಟೆಯ ಆಕಾರಕ್ಕೆ ಬರುತ್ತದೆ. ಕೊರೆಯುವ ಬಿಟ್ ಸವೆದರೆ ಅಂಚಿನ ಪದರ ಬಿಚ್ಚಿಕೊಳ್ಳುತ್ತದೆ. ಕಾರ್ಬನ್ ಫೈಬರ್ ಮಾಮೂಲಿ ಉಕ್ಕಿನ ಬಿಟ್‌ಗಳನ್ನು ಬೇಗ ಮೊಂಡು ಮಾಡುತ್ತದೆ, ಅದಕ್ಕಿಂತ ಗಟ್ಟಿಯಾದ ಕಾರ್ಬೈಡ್ ಬಿಟ್ಟೇ ಬೇಕು.

ನನ್ನ ತಪ್ಪು ಮಾತ್ರ ಇವು ಯಾವುದರಿಂದಲೂ ಆಗಿದ್ದಲ್ಲ. 5 ಮಿ.ಮೀ. ಹಾಳೆ ಮುಗಿದಿತ್ತು. 4 ಮಿ.ಮೀ. ಹಾಳೆಯಲ್ಲೇ ತೋಳು ಕಟ್ ಮಾಡಿದೆ. ತೂತುಗಳೆಲ್ಲ ಸರಿಯಾಗಿ ಕೂತವು. ಮೋಟರನ್ನು ಹಳೆಯ 8 ಮಿ.ಮೀ. ಉದ್ದದ ಸ್ಕ್ರೂಗಳನ್ನೇ ಹಾಕಿ ಬಿಗಿದೆ. ತೋಳು ಒಂದು ಮಿಲಿಮೀಟರ್ ತೆಳುವಾದರೆ ಸ್ಕ್ರೂ ಮೋಟರಿನೊಳಕ್ಕೆ ಒಂದು ಮಿಲಿಮೀಟರ್ ಜಾಸ್ತಿ ಹೋಗುತ್ತದೆ, ಅಷ್ಟೇ. ಅದರ ತುದಿ ತಾಮ್ರದ ಸುತ್ತುಗಳನ್ನು ಮುಟ್ಟಿತು. ಕೈಯಲ್ಲಿ ತಿರುಗಿಸಿ ನೋಡಿದಾಗ ಮೋಟರು ಸಲೀಸಾಗಿಯೇ ತಿರುಗಿತು. ನೆಲದಿಂದ ಮೇಲೇರಿಸಿ ಸ್ವಲ್ಪ ಹೊತ್ತಿಗೇ ತಂತಿಯ ಮೇಲಿನ ವಾರ್ನಿಷ್ ಸುಲಿದಿರಬೇಕು. ಒಂದು ಮೂಲೆ ಕುಸಿಯಿತು, ಡ್ರೋನ್ ಮಗುಚಿ ಬಿತ್ತು, ಮೋಟರಿನ ವೇಗ ನಡೆಸುವ ಬೋರ್ಡು, ಅಂದರೆ ಇಎಸ್‌ಸಿಯಿಂದ ಹೊಗೆ ಬಂತು. ಬಿದ್ದದ್ದು ಖಾಲಿ ಬಯಲಿನಲ್ಲಿ. ಹತ್ತಿರದಲ್ಲಿ ಯಾರಾದರೂ ನಿಂತಿದ್ದರೆ ಎಂದು ಇವತ್ತಿಗೂ ನೆನೆಸಿಕೊಳ್ಳುತ್ತೇನೆ. ರೆಡಿ ಫ್ರೇಮ್ ಕೊಂಡರೆ ಅದರ ದಪ್ಪಕ್ಕೆ ಹೊಂದುವ ಸ್ಕ್ರೂ ಸಾಮಾನ್ಯವಾಗಿ ಜೊತೆಗೇ ಬರುತ್ತದೆ.

ಕೈಯಾರೆ ಮಾಡಿದರೆ ಕಲಿಯುತ್ತೇವೆ ಎನ್ನುತ್ತಾರೆ. ಡ್ರಾಯಿಂಗ್ ಮಾಡುವಾಗಲೇ ಮುಕ್ಕಾಲು ಕಲಿತಾಗಿರುತ್ತದೆ. ಫೈಲ್ ಕಳಿಸಿದರೆ ದೂಳು ಎಳೆಯುವ ಏರ್ಪಾಡು ಇರುವವರು ಕಟ್ ಮಾಡಿ ಕೊಡುತ್ತಾರೆ.

ನನ್ನ ಮುಂದಿನ ಫ್ರೇಮಿನ ಡ್ರಾಯಿಂಗ್ ಸಿದ್ಧವಾಗಿದೆ. ಕಟ್ ಮಾಡಲು ಹೊರಗೆ ಕೊಡುತ್ತೇನೆ. ಅಂಚು ಉಜ್ಜುವುದನ್ನು ಮಾತ್ರ ಬಿಡಲು ಮನಸ್ಸು ಬರುತ್ತಿಲ್ಲ. ಅದನ್ನು ಮನೆಯ ಹೊರಗೆ ಕೂತು, ಬಕೆಟ್ ನೀರಿನಲ್ಲಿ ಮುಳುಗಿಸಿಟ್ಟುಕೊಂಡು, ನಾನೇ ಮಾಡುತ್ತೇನೆ.