ಕೇಕಿಗೆ 5, ಬಡ್ಡಿಗೆ 18

ನಮ್ಮ ಮನೆ ಫ್ರಿಜ್ಜಿನ ಬಾಗಿಲಿಗೆ ಒಂದು ಹಾಳೆ ಅಂಟಿಸಿದೆ. ಜೂನ್ ತಿಂಗಳಲ್ಲಿ ಹೆಂಡತಿ ಬರೆದದ್ದು. ‘ಕ್ರಿಸ್‌ಮಸ್ ಒಳಗೆ ಕಾರ್ಡ್ ಸಾಲ ಸೊನ್ನೆ’ ಅಂತ ಕೆಂಪು ಪೆನ್ನಿನಲ್ಲಿ, ಕೆಳಗೆ ಎರಡು ಗೆರೆ ಬೇರೆ. ಆ ಹಾಳೆಯನ್ನು ಹೊತ್ತು ನಿಂತಿರುವ ಫ್ರಿಜ್ಜೇ ಸಾಲದ ಅರ್ಧ ಪಾಲು. ಉಳಿದದ್ದು ಅಮ್ಮನ ಕಣ್ಣಿನ ಆಪರೇಷನ್ನಿಗೆ ವಿಮೆಯವರು ಕೊಡದೆ ಕೈ ತೊಳೆದುಕೊಂಡ ಹಣ, ಮಗಳ ಸ್ಕೂಲ್ ಫೀಸಿನ ಎರಡನೇ ಕಂತು, ಮತ್ತೆ ಎಲ್ಲಿ ಹೋಯಿತು ಅಂತ ನಮ್ಮಿಬ್ಬರಿಗೂ ನೆನಪಾಗದ ಒಂಬತ್ತು ಸಾವಿರ. ಅದರ ಸುದ್ದಿ ಎತ್ತಬಾರದು ಅಂತ ಇಬ್ಬರೂ ಒಪ್ಪಂದ ಮಾಡಿಕೊಂಡಿದ್ದೇವೆ.

ಈಗ ಡಿಸೆಂಬರ್. ಬಾಕಿ 60,000. ಕಿಟಕಿಗೆ ನಕ್ಷತ್ರ ತೂಗು ಹಾಕಿದ ದಿನವೇ ಕ್ರೆಡಿಟ್ ಕಾರ್ಡಿನ ಸ್ಟೇಟ್‌ಮೆಂಟೂ ಬಂತು. ಮೊದಲು ಕಾಣುವುದು ದಪ್ಪಕ್ಷರದ ಮಿನಿಮಮ್ ಡ್ಯೂ: 3,000 ರೂಪಾಯಿ. ಎಷ್ಟು ಪ್ರೀತಿ ನೋಡಿ! ಅರವತ್ತು ಸಾವಿರ ಕೊಡಬೇಕಾದವನಿಗೆ ‘ಈಗ ಮೂರು ಸಾವಿರ ಕೊಡಪ್ಪ, ಉಳಿದದ್ದು ಆಮೇಲೆ ನೋಡೋಣ’ ಅನ್ನುವವರು ಸ್ವಂತ ನೆಂಟರಲ್ಲೂ ಸಿಗಲ್ಲ. ಬಡ್ಡಿ ತಿಂಗಳಿಗೆ ನೂರಕ್ಕೆ ಮೂರೂವರೆ, ಅಂದರೆ 2,100. ಆ ಬಡ್ಡಿಯ ಮೇಲೆ 18 ಪರ್ಸೆಂಟ್ ಜಿಎಸ್‌ಟಿ, 378. ನಾನು ಕಟ್ಟುವ ಮೂರು ಸಾವಿರದಲ್ಲಿ ಅಸಲಿಗೆ ಜಮಾ ಆಗುವುದು 522 ರೂಪಾಯಿ. ಮಿನಿಮಮ್ ಅಂದರೆ ಬಾಕಿಯ ನೂರಕ್ಕೆ ಐದು, ಬಾಕಿ ಇಳಿದಂತೆ ಅದೂ ಇಳಿಯುತ್ತದೆ. ಹೀಗೇ ಮಿನಿಮಮ್ ಕಟ್ಟುತ್ತಾ ಹೋದರೆ ಸಾಲ ಅರ್ಧ ಆಗುವುದಕ್ಕೇ ಆರೂವರೆ ವರ್ಷ ದಾಟುತ್ತದೆ. ತೀರುವುದಕ್ಕಲ್ಲ ಸ್ವಾಮಿ, ಅರ್ಧ ಆಗುವುದಕ್ಕೆ. ಈಗ ಮೂರನೇ ಕ್ಲಾಸಿನಲ್ಲಿರುವ ಮಗಳು ಅಷ್ಟು ಹೊತ್ತಿಗೆ ಹತ್ತನೇ ಕ್ಲಾಸಿಗೆ ಬಂದಿರುತ್ತಾಳೆ, ಮತ್ತು ಆ ಫ್ರಿಜ್ಜು ಗುಜರಿಗೆ ಹೋಗಿರುತ್ತದೆ.

ರಿಸರ್ವ್ ಬ್ಯಾಂಕ್ ಇದನ್ನೆಲ್ಲ ನೋಡಿಕೊಂಡು ಸುಮ್ನೆ ಕೂತಿಲ್ಲ. ಬರೀ ಮಿನಿಮಮ್ ಕಟ್ಟಿದರೆ ಸಾಲ ವರ್ಷಗಟ್ಟಲೆ ಎಳೆಯುತ್ತದೆ, ಬಡ್ಡಿಗೆ ಬಡ್ಡಿ ಬೀಳುತ್ತದೆ ಅಂತ ಸ್ಟೇಟ್‌ಮೆಂಟಿನಲ್ಲೇ ಎಚ್ಚರಿಕೆ ಹಾಕಬೇಕು ಎಂದು ನಿಯಮ ಮಾಡಿದೆ. ಬ್ಯಾಂಕಿನವರು ಹಾಕಿದ್ದಾರೆ. ಆಪರೇಷನ್ ಆದ ಮೇಲೂ ಅಮ್ಮನಿಗೆ ಕಾಣಲಾರದಷ್ಟು ಸಣ್ಣಕ್ಷರದಲ್ಲಿ.

ಆದರೆ ನನಗೆ ನಿಜವಾಗಿ ತಲೆ ತಿರುಗಿದ್ದು ಆ 378 ರೂಪಾಯಿ ನೋಡಿ. ಮನೆ ಸಾಲದ ಬಡ್ಡಿಗೆ ಜಿಎಸ್‌ಟಿ ಇಲ್ಲ. ಪರ್ಸನಲ್ ಲೋನ್ ಬಡ್ಡಿಗೂ ಇಲ್ಲ. ಕಾರ್ಡಿನ ಬಡ್ಡಿಗೆ ಮಾತ್ರ ಇದೆ, ಯಾಕೆಂದರೆ ಅದು ‘ಸೇವೆ’ಯಂತೆ. ಇನ್ನೊಂದು ಕಡೆ, 2025ರ ಸೆಪ್ಟೆಂಬರ್ 22ರಿಂದ ಕೇಕಿನ ಮೇಲಿನ ಜಿಎಸ್‌ಟಿ 18ರಿಂದ 5ಕ್ಕೆ ಇಳಿಯಿತು. ಒಳ್ಳೆಯದೇ ಆಯಿತು, ಕೇಕಿನ ಮೇಲೆ ನನಗೇನೂ ಸಿಟ್ಟಿಲ್ಲ. ಆದರೆ ಒಂದೇ ಸಂಜೆ ಅದೇ ಕಾರ್ಡ್ ಉಜ್ಜಿ ಪ್ಲಮ್ ಕೇಕ್ ತಂದರೆ, ದ್ರಾಕ್ಷಿ ಗೋಡಂಬಿ ತುಂಬಿದ ಕೇಕಿಗೆ 5, ಅದನ್ನು ತಿಂದ ತಪ್ಪಿಗೆ ಬೀಳುವ ಬಡ್ಡಿಗೆ 18! ಹಳೇ ಬಾಕಿ ಇಟ್ಟುಕೊಂಡವರಿಗೆ, ಪೂರ್ತಿ ಕಟ್ಟುವವರಿಗೆ ಸಿಗುವ ಆ 45 ದಿನದ ಬಡ್ಡಿಯಿಲ್ಲದ ಸೌಕರ್ಯವೂ ಇಲ್ಲ, ಹೊಸದಾಗಿ ಏನು ಕೊಂಡರೂ ಕಾರ್ಡ್ ಉಜ್ಜಿದ ದಿನದಿಂದಲೇ ಮೀಟರ್ ಓಡುತ್ತದೆ. ಕೇಕ್ ಹೊಟ್ಟೆಯಲ್ಲಿ ಅರಗುವ ಮೊದಲೇ ಅದರ ಬಡ್ಡಿ ಬೆಳೆಯಲು ಶುರು. ಆದ್ದರಿಂದ ನನ್ನದೊಂದು ಸಣ್ಣ ಬೇಡಿಕೆ. ಬ್ಯಾಂಕಿನವರು ಬಡ್ಡಿಯನ್ನು ಕೇಕ್ ಅಂತಲೇ ಬಿಲ್ ಮಾಡಲಿ. ತಿಂಗಳಿಗೆ 273 ರೂಪಾಯಿ ಉಳಿಯುತ್ತದೆ.

ಇದನ್ನೇ ಲೆಕ್ಕ ಹಾಕುತ್ತಾ ಕೂತಿದ್ದಾಗ ಫೋನ್ ಬಂತು. ಅದೇ ಬ್ಯಾಂಕು.

“ಸರ್, ಕ್ರಿಸ್‌ಮಸ್ ಆಫರ್! ನಿಮಗೆ ಮೂರು ಲಕ್ಷ ಪ್ರೀ-ಅಪ್ರೂವ್ಡ್ ಲೋನ್ ಬಂದಿದೆ.”

“ನಾನೇ ನಿಮ್ಮ ಬ್ಯಾಂಕಿಗೆ ಅರವತ್ತು ಸಾವಿರ ಕೊಡಬೇಕಮ್ಮಾ.”

“ಗೊತ್ತು ಸರ್, ಸ್ಕ್ರೀನ್ ಮೇಲೆ ಕಾಣ್ತಿದೆ. ಅದಕ್ಕೇ ಬಂದಿರೋದು. ತಿಂಗಳು ತಿಂಗಳು ಪೂರ್ತಿ ಕಟ್ಟೋರಿಗೆ ಈ ಆಫರ್ ಬರಲ್ಲ.”

ಪಾಪ, ಹುಡುಗಿ ಸತ್ಯ ಹೇಳಿದಳು. ಅವಳಿಗೂ ಟಾರ್ಗೆಟ್ ಇರುತ್ತದೆ, ಅವಳದೂ ಒಂದು ಕಾರ್ಡ್ ಇರುತ್ತದೆ. ಫೋನ್ ಇಟ್ಟ ಎರಡೇ ನಿಮಿಷಕ್ಕೆ ಅದೇ ಬ್ಯಾಂಕಿನಿಂದ ಮೆಸೇಜು: ಬಾಕಿ ಸಮಯಕ್ಕೆ ಕಟ್ಟಿ, ಜವಾಬ್ದಾರಿಯಿಂದ ಖರ್ಚು ಮಾಡಿ. ಅದರ ಕೆಳಗೆ ಸಾಂತಾ ಟೋಪಿ ಹಾಕಿಕೊಂಡ ಒಂದು ಕ್ರೆಡಿಟ್ ಕಾರ್ಡಿನ ಚಿತ್ರ.

ಡಿಸೆಂಬರ್ ಅಂದರೆ ಬ್ಯಾಂಕುಗಳಿಗೂ ಹಬ್ಬವೇ. ಸ್ವಲ್ಪ ಹಿಂದಿನ ಕಥೆ ಹೇಳುತ್ತೇನೆ. ಕಾರ್ಡ್ ಬಾಕಿಗೆ ವರ್ಷಕ್ಕೆ 30 ಪರ್ಸೆಂಟಿಗಿಂತ ಜಾಸ್ತಿ ಬಡ್ಡಿ ಹಾಕುವುದು ಅನ್ಯಾಯದ ವ್ಯಾಪಾರ ಅಂತ 2008ರಲ್ಲಿ ರಾಷ್ಟ್ರೀಯ ಗ್ರಾಹಕ ಆಯೋಗ ಹೇಳಿತ್ತು. ಬ್ಯಾಂಕುಗಳು ಸುಪ್ರೀಂ ಕೋರ್ಟಿಗೆ ಹೋದವು. ಕೇಸು ನಡೆಯಿತು, ನಡೆಯಿತು, ಹದಿನಾರು ವರ್ಷ ನಡೆಯಿತು. ಕೊನೆಗೆ ತೀರ್ಪು ಬಂದದ್ದು 2024ರ ಡಿಸೆಂಬರ್ 20ಕ್ಕೆ, ಕ್ರಿಸ್‌ಮಸ್ಸಿಗೆ ಇನ್ನೈದು ದಿನ ಇರುವಾಗ. ಆಯೋಗದ ಆದೇಶ ರದ್ದು, ಬಡ್ಡಿಯ ವಿಷಯ ರಿಸರ್ವ್ ಬ್ಯಾಂಕ್ ನೋಡಿಕೊಳ್ಳಬೇಕಾದದ್ದು ಅಂತ ಕೋರ್ಟು ಹೇಳಿತು. ಕಾನೂನಿನ ಪ್ರಕಾರ ಅದು ಸರಿಯೇ ಇರಬಹುದು, ನಾನು ವಕೀಲ ಅಲ್ಲ. ಕಾರ್ಡ್ ಇಟ್ಟುಕೊಂಡವರಿಗೆ ಷರತ್ತುಗಳೆಲ್ಲ ತಿಳಿದೇ ಇರುತ್ತವೆ ಅನ್ನುವ ಅರ್ಥದ ಮಾತೂ ಆ ತೀರ್ಪಿನಲ್ಲಿತ್ತು. ಅದನ್ನು ಓದಿ ನನಗೆ ಮೈ ಜುಮ್ಮೆಂದಿತು. ನಮ್ಮ ಮನೆಯಲ್ಲಿ ನನ್ನನ್ನು ತಿಳಿದವನು ಅಂತ ಇದುವರೆಗೂ ಒಬ್ಬರೂ ಕರೆದಿಲ್ಲ.

ಇನ್ನು ಫ್ರಿಜ್ಜಿನ ವಿಷಯ. ಅದನ್ನು ತಂದದ್ದು ‘ನೋ ಕಾಸ್ಟ್ ಇಎಂಐ’ನಲ್ಲಿ. ಅದು ಹೇಗೆ ಅಂದರೆ, ಬ್ಯಾಂಕು ಬಡ್ಡಿ ಹಾಕುತ್ತದೆ, ಅಷ್ಟೇ ಮೊತ್ತವನ್ನು ಅಂಗಡಿಯವರು ರಿಯಾಯಿತಿ ಅಂತ ಮೊದಲೇ ಬಿಟ್ಟಿರುತ್ತಾರೆ, ಕೂಡಿ ಕಳೆದು ಸೊನ್ನೆ. ಆದರೆ ಬಡ್ಡಿಯ ಮೇಲಿನ ಜಿಎಸ್‌ಟಿಯನ್ನು ಯಾರೂ ಬಿಡಲ್ಲ, ಅದು ನಮ್ಮದು. ಪ್ರೊಸೆಸಿಂಗ್ ಫೀಸು ನಮ್ಮದು, ಆ ಫೀಸಿನ ಮೇಲಿನ ಜಿಎಸ್‌ಟಿಯೂ ನಮ್ಮದು. ಸೊನ್ನೆ ಬಡ್ಡಿ ಅನ್ನುವ ವಸ್ತುವೇ ಪ್ರಪಂಚದಲ್ಲಿ ಇಲ್ಲ ಅಂತ 2013ರ ಸೆಪ್ಟೆಂಬರಿನಲ್ಲೇ ರಿಸರ್ವ್ ಬ್ಯಾಂಕ್ ಸುತ್ತೋಲೆ ಹೊರಡಿಸಿತ್ತು. ಮಾರುಕಟ್ಟೆಯವರು ಅದನ್ನು ತುಂಬಾ ಗೌರವದಿಂದ ಓದಿ, ಬೋರ್ಡಿನ ಮೇಲಿದ್ದ ‘ಝೀರೋ’ ಅಳಿಸಿ ‘ನೋ ಕಾಸ್ಟ್’ ಅಂತ ಬರೆದುಕೊಂಡರು. ಸಾಂತಾ ನಿಜವಾಗಿ ಇದ್ದಾನಾ ಅಂತ ನನ್ನ ಎಂಟು ವರ್ಷದ ಮಗಳಿಗೆ ಹೋದ ವರ್ಷವೇ ಅನುಮಾನ ಬಂದಿದೆ. ಅವಳಪ್ಪನಿಗೆ, ದೇಶದ ಕೇಂದ್ರ ಬ್ಯಾಂಕೇ ಬರೆದು ಕೊಟ್ಟರೂ, ನೋ ಕಾಸ್ಟ್ ಮೇಲಿನ ನಂಬಿಕೆ ಹೋಗಿಲ್ಲ.

ಇದರ ನಡುವೆ ಸಂಸಾರ ನಡೆಯಬೇಕಲ್ಲ. ನಮ್ಮ ಮನೆಯಲ್ಲಿ ಈಗ ಖರ್ಚಿನ ಅಳತೆಗೋಲು 522. ಸ್ಕೂಲಿನಿಂದ ಚೀಟಿ ಬಂತು, ಮಕ್ಕಳಲ್ಲಿ ಸರಳತೆ ಬೆಳೆಸಲು ಉಡುಗೊರೆ ನೂರು ರೂಪಾಯಿ ದಾಟಬಾರದು. ಚೀಟಿಯ ಹಿಂಬದಿಯಲ್ಲಿ, ಎಲ್ಲರೂ ಸಾಂತಾ ಡ್ರೆಸ್ಸಿನಲ್ಲೇ ಬರಬೇಕು, ಅದು ಇಂಥ ಅಂಗಡಿಯಲ್ಲೇ ಸಿಗುತ್ತದೆ, 650 ರೂಪಾಯಿ. ಒಂದು ತಿಂಗಳ ಸಾಲ ತೀರಿಕೆ ಹೋಯಿತು, ಮೇಲೆ 128. ಅಪಾರ್ಟ್‌ಮೆಂಟಿನ ಹಬ್ಬದ ವಂತಿಗೆ ಐನೂರು. ನಾವು ಇಡೀ ಬ್ಲಾಕಿನಲ್ಲಿ ಇರುವ ಒಂದೇ ಕ್ರೈಸ್ತರ ಮನೆ, ಕೊಡಲ್ಲ ಅಂದರೆ ಏಸುವಿಗೇ ಅವಮಾನ. ಆಫೀಸಿನ ಸೀಕ್ರೆಟ್ ಸಾಂತಾದಲ್ಲಿ ನಾನು ಮುನ್ನೂರು ಕೊಟ್ಟು ಮಗ್ ತಂದೆ. ನನಗೆ ಸಿಕ್ಕಿದ್ದು ಪರ್ಸು. ಒಳಗೆ ಏನೂ ಇರಲಿಲ್ಲ, ಎರಡೆರಡು ಸಲ ನೋಡಿದೆ.

ಉಪದೇಶಕ್ಕೂ ಬರವಿಲ್ಲ. ಭಾನುವಾರದ ಪೇಪರಿನ ಹಣಕಾಸು ಪುಟದಲ್ಲಿ ಸಾಲ ತೀರಿಸಲು ‘ಸ್ನೋಬಾಲ್’ ವಿಧಾನ ಬರೆದಿದ್ದರು. ಸಣ್ಣ ಸಾಲ ಮೊದಲು ಮುಗಿಸಿ, ಆ ಕಂತಿನ ಹಣವನ್ನು ಮುಂದಿನ ಸಾಲಕ್ಕೆ ಸೇರಿಸಿ, ಹಿಮದುಂಡೆ ಉರುಳಿದಂತೆ ಉರುಳಿಸುತ್ತಾ ಹೋಗಬೇಕಂತೆ. ಬೆಂಗಳೂರಿನಲ್ಲಿ ಹಿಮ ಬೀಳುವುದು ಮಾಲ್ ಒಳಗೆ ಮಾತ್ರ, ಅದೂ ಸೋಪಿನ ನೊರೆ. ಮಗಳಿಗೆ ತೋರಿಸಲು ಕರೆದುಕೊಂಡು ಹೋಗಿದ್ದೆ. ನೊರೆ ಪುಕ್ಕಟೆ, ಪಾರ್ಕಿಂಗು ಮತ್ತು ಪಾಪ್‌ಕಾರ್ನ್ ಸೇರಿ ಮತ್ತೊಂದು 522. ಅದೇ ಪೇಪರಿನ ಪುಟ ತಿರುಗಿಸಿದರೆ ಪೂರ್ತಿ ಪುಟದ ಟಿವಿ ಜಾಹೀರಾತು, ನೋ ಕಾಸ್ಟ್ ಇಎಂಐ, ಮೊದಲ ಕಂತು ಫೆಬ್ರವರಿಗೆ. ಬುದ್ಧಿ ಹೇಳುವವರಿಗೂ ಸಾಲ ಮಾರುವವರಿಗೂ ನಡುವೆ ಒಂದು ಹಾಳೆಯಷ್ಟೇ ದಪ್ಪ.

ನಾವು ಮಂಗಳೂರು ಕಡೆಯವರು. ಹಬ್ಬಕ್ಕೆ ಊರಿಗೆ ಹೋಗದೆ ಇದ್ದರೆ ಅಮ್ಮ ಬೈಯಲ್ಲ, ಸುಮ್ಮನಾಗುತ್ತಾರೆ, ಅದು ಇನ್ನೂ ಕಷ್ಟ. 23ರ ರಾತ್ರಿಗೆ ಖಾಸಗಿ ಸ್ಲೀಪರ್ ಬಸ್ ನೋಡಿದೆ, ಬೇರೆ ದಿನದ ಮೂರು ಪಟ್ಟು ರೇಟು. ಕೊನೆಗೆ ಕೆಂಪು ಬಸ್ಸು ಹತ್ತಿದೆವು. ಹೆಂಡತಿಗೂ ಮಗಳಿಗೂ ಶಕ್ತಿ ಯೋಜನೆಯ ಸೊನ್ನೆ ರೂಪಾಯಿ ಟಿಕೆಟ್. ಕಂಡಕ್ಟರು ಹರಿದು ಕೊಟ್ಟ ಆ ಚೀಟಿಯನ್ನು ಹೆಂಡತಿ ಶಿರಾಡಿ ಘಾಟಿ ಇಳಿಯುವವರೆಗೂ ಕೈಯಲ್ಲೇ ಹಿಡಿದುಕೊಂಡಿದ್ದಳು. “ಪ್ರೊಸೆಸಿಂಗ್ ಫೀಸೂ ಇಲ್ಲ, ನೋಡ್ರೀ,” ಅಂದಳು.

ಊರಲ್ಲಿ ಅಮ್ಮ ಕುಸ್ವಾರ್, ಅಂದರೆ ಕ್ರಿಸ್‌ಮಸ್ ತಿಂಡಿಗಳನ್ನು, ಮಾಡಿ ಡಬ್ಬಿ ತುಂಬಿಸಿ ಇಟ್ಟಿದ್ದರು. ಕಿಡ್ಯೊ, ನೆವ್ರಿ, ಗುಳಿಯೊ, ರೋಸ್ ಕುಕೀಸ್. ಅಕ್ಕಪಕ್ಕದ ಮನೆಗಳಿಗೆ ತಟ್ಟೆ ಹಂಚುವ ಕೆಲಸ ನನ್ನದು. ದೀಪಾವಳಿಗೆ ಹೋಳಿಗೆ ಬಂದಿದ್ದ ಸ್ಟೀಲ್ ತಟ್ಟೆ, ಈದ್‌ಗೆ ಬಿರಿಯಾನಿ ಬಂದಿದ್ದ ಪಾತ್ರೆ, ಎಲ್ಲವನ್ನೂ ಅಮ್ಮ ತೊಳೆದು ಎತ್ತಿಟ್ಟಿದ್ದರು, ಯಾವುದು ಯಾರ ಮನೆಯದು ಅಂತ ಒಂದೂ ಮರೆತಿಲ್ಲ. ಬಂದ ಪಾತ್ರೆಯನ್ನು ಖಾಲಿ ವಾಪಸ್ ಕಳಿಸಬಾರದಲ್ಲ. ತಿಂಗಳುಗಟ್ಟಲೆ ಹಳೆಯ ಬಾಕಿ ಒಂದೇ ಮಧ್ಯಾಹ್ನ ಚುಕ್ತಾ. ಯಾರೂ ಜಿಎಸ್‌ಟಿ ಕೇಳಲಿಲ್ಲ, ಒಂದು ಮನೆಯವರು ಮಾತ್ರ ಅದೇ ತಟ್ಟೆಗೆ ಬಾಳೆಹಣ್ಣು ಹಾಕಿ ಮತ್ತೆ ನನ್ನ ಕೈಗೇ ಕೊಟ್ಟರು, ಅಲ್ಲಿಗೆ ನಾವು ಪುನಃ ಸಾಲಗಾರರು.

ರಾತ್ರಿ ಪೂಜೆ ಮುಗಿಸಿ ಬಂದ ಮೇಲೆ ಅಮ್ಮನಿಗೆ ಕಾರ್ಡಿನ ಕಥೆ ಹೇಳಿದೆ. ಕಣ್ಣಿನ ಆಪರೇಷನ್ ಸಂಗತಿ ಬಿಟ್ಟು ಉಳಿದದ್ದೆಲ್ಲ. ಗೋದಲಿಯ ಹುಲ್ಲು ಸರಿಮಾಡುತ್ತಾ ಕೇಳಿಸಿಕೊಂಡರು. ಒಳಗೆ ಜೋಸೆಫ್, ಮರಿಯಮ್ಮ, ಪಾಪು. ಆ ಸಂಸಾರವಾದರೂ ಬೆತ್ಲೆಹೇಮಿಗೆ ಹೋದದ್ದು ಸರ್ಕಾರದ ಜನಗಣತಿಗೆ ಹೆಸರು ಬರೆಸಲು, ಅಂದರೆ ಮೊದಲ ಕ್ರಿಸ್‌ಮಸ್ಸೂ ಸರ್ಕಾರಿ ಲೆಕ್ಕದ ಕಾಟದಿಂದಲೇ ಶುರುವಾದದ್ದು ಅಂತ ನಾನೊಂದು ಜೋಕ್ ಮಾಡಿದೆ. ಅಮ್ಮ ನಗಲಿಲ್ಲ.

“ಪಾಪು ನೋಡೋಕೆ ಬಂದ ಆ ಮೂವರು ರಾಜರು ಚಿನ್ನ ತಂದಿದ್ರಲ್ಲ ಪುತಾ, ನಗದು ಕೊಟ್ಟೇ ತಂದಿದ್ರು,” ಅಂದರು.

ವಾಪಸ್ ಹೊರಡುವಾಗ ಅಜ್ಜಿ ಮೊಮ್ಮಗಳ ಕೈಗೆ ಒಂದು ಕವರ್ ಕೊಟ್ಟರು, ಐನೂರರ ಒಂದು ನೋಟು. ಬೆಂಗಳೂರಿನಲ್ಲಿ ಬೆಳಗಿನ ಜಾವ ಬಸ್ಸಿಳಿದರೆ ಫೋನಿನ ಚಾರ್ಜ್ ಮುಗಿದಿತ್ತು, ಹೊಸ ಪರ್ಸಿನಲ್ಲಿ ಎಪ್ಪತ್ತು ರೂಪಾಯಿ ಇತ್ತು, ಆಟೋದವನು ಮೀಟರ್ ಹಾಕಲ್ಲ ಅಂದ. ಮಗಳ ಹತ್ತಿರ ಆ ಐನೂರನ್ನು ಸಾಲ ಕೇಳಿದೆ. ಅವಳು ನನ್ನನ್ನು ಸ್ವಲ್ಪ ಹೊತ್ತು ನೋಡಿ ಕೊಟ್ಟಳು.

ಮನೆಗೆ ಬಂದು ಹಾಲು ತೆಗೆಯಲು ಫ್ರಿಜ್ಜಿನ ಹತ್ತಿರ ಹೋದೆ. ಹೆಂಡತಿಯ ಕೆಂಪಕ್ಷರದ ಕೆಳಗೆ ಮಗಳು ಪೆನ್ಸಿಲಿನಲ್ಲಿ ಆಗಲೇ ಬರೆದಾಗಿತ್ತು: ‘ಡ್ಯಾಡಿ 500. ವಾರಕ್ಕೆ ಒಂದು ಐಸ್‌ಕ್ರೀಮ್. ಲೇಟ್ ಆದ್ರೆ ಎರಡು.’