ಕುಸ್ವಾರ್ ಡಬ್ಬದ ಅಳಲು

ನಮ್ಮ ಕಾಸರಗೋಡಿನ ಶಾಲೆಗಳಲ್ಲಿ ಅರ್ಧವಾರ್ಷಿಕ ಪರೀಕ್ಷೆಗೆ ಕ್ರಿಸ್ಮಸ್ ಪರೀಕ್ಷೆಯೆಂದೇ ಹೆಸರು. ಅದು ಸಾಮಾನ್ಯವಾಗಿ ಹಬ್ಬದ ಹೊಸ್ತಿಲಲ್ಲೇ ಮುಗಿಯುವುದರಿಂದ, ಕುಸ್ವಾರ್ (ಕ್ರಿಸ್ಮಸ್ ತಿಂಡಿಗಳು) ಮಾಡುವ ವಾರವಿಡೀ ಮನೆಯ ಮೂವರು ಮಕ್ಕಳಿಗೂ ‘ಓದಲಿಕ್ಕುಂಟು’ ಎಂಬ ಭದ್ರವಾದ ನೆಪ ಸಿಕ್ಕಿಬಿಡುತ್ತದೆ. ಐದಾರು ವರ್ಷಗಳ ಹಿಂದೆ ಇದೇ ಮಕ್ಕಳು ಮೈದಾ ಹಿಟ್ಟಿನ ಉಂಡೆಗಾಗಿ ಜಗಳವಾಡಿ, ಅದನ್ನು ಫೋರ್ಕಿನ ಬೆನ್ನಿಗೊತ್ತಿ ಸುರುಳಿ ಮಾಡಿ, ಸೊಟ್ಟಗಿನ ಕಿಡಿಯೊಗಳನ್ನು ಹೆಮ್ಮೆಯಿಂದ ತಟ್ಟೆಯಲ್ಲಿ ಸಾಲಾಗಿ ಇಡುತ್ತಿದ್ದರು. ಈಗ ಎರಡು ಕಿಲೋ ಹಿಟ್ಟನ್ನು ನಾನೊಬ್ಬಳೇ ರಾತ್ರಿ 11 ಗಂಟೆಯವರೆಗೆ ಒತ್ತುತ್ತ ಕುಳಿತರೂ ಅವರ ಕೋಣೆಯ ಬಾಗಿಲು ತೆರೆಯುವುದಿಲ್ಲ.

ಎಣ್ಣೆ ಕಾದ ವಾಸನೆಗೆ ಮಾತ್ರ ಅದು ತಾನಾಗಿ ತೆರೆದುಕೊಳ್ಳುತ್ತದೆ. ಕರ್ಜಿಕಾಯಿಯಂಥ ಬಿಸಿ ನೇವ್ರಿ ಒಂದೆರಡು ಹೋದರೆ ನನಗೇನೂ ಬೇಸರವಿಲ್ಲ, ತಿನ್ನುವ ಪ್ರಾಯ. ಆದರೆ ಓಣಂ ಪಾಯಸವನ್ನೂ ಪೆರ್ನಾಳಿನ (ಈದ್ ಹಬ್ಬದ) ಬಿರಿಯಾನಿಯನ್ನೂ ತಪ್ಪದೆ ಕಳುಹಿಸುವ ನೆರೆಮನೆಗಳಿಗೆಂದು ಬೇರೆಯಾಗಿ ಎತ್ತಿಟ್ಟ ಡಬ್ಬಕ್ಕೂ ಕೈಹಾಕುವುದೆಂದರೇನು? ಕಳೆದ ವರ್ಷ ಬೇಳದ ಇಗರ್ಜಿಯಲ್ಲಿ 24ರ ರಾತ್ರಿಯ ಬಲಿಪೂಜೆ ಮುಗಿಸಿ ಬಂದು ಮುಚ್ಚಳ ತೆಗೆದು ನೋಡಿದರೆ, ಮೇಲೆ ಒಂದು ಪದರ ಚಕ್ಕುಲಿ, ಅದರ ಕೆಳಗೆ ತಳದವರೆಗೂ ಹಳೆಯ ಪತ್ರಿಕೆಯ ಮುದ್ದೆಗಳು. ಗೋದಲಿಗೆ (ಯೇಸು ಹುಟ್ಟಿದ ಕೊಟ್ಟಿಗೆಯ ಮಾದರಿಗೆ) ಒಂದು ಹಿಡಿ ಬೈಹುಲ್ಲು ತರಲು ಪುರಸೊತ್ತಿಲ್ಲದವರಿಗೆ ಈ ಕುಶಲಕಲೆಗೆ ಧಾರಾಳ ಸಮಯವಿತ್ತು!

ಮೂವರೂ ಒಬ್ಬರ ಮೇಲೊಬ್ಬರು ಬೆರಳು ತೋರಿಸಿದರು. ಮರುದಿನ ಐದು ಮನೆಗಳ ತಟ್ಟೆಗೆ ಬಿದ್ದದ್ದು ಬೇಕರಿಯ ಕೇಕು.